ಸದ್ದಾಗಬಾರದ ಮನೆ

ಫೆಬ್ರವರಿ 4

ಪ್ರೀತಿಯ ನಾದಿನಿಗೆ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಯಾರಾದರೊಬ್ಬರು ಪೆನ್ನು ಕಿತ್ತುಕೊಂಡರು. ಈಗಲೂ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತುಕೊಂಡೇ ಬರೆಯುತ್ತಿದ್ದೇನೆ. ಅಕ್ಷರ ಕಾಗೆಕಾಲು ಗುಬ್ಬಿಕಾಲು ಆಗಿದ್ದರೆ ಹೊಂದಿಸಿಕೊಂಡು ಓದು.

ಫೋನ್ ಯಾಕೆ ಮಾಡುವುದಿಲ್ಲ ಎಂದು ಕೇಳಿದ್ದೀಯ. ಫೋನು ಇರುವುದು ನಿನ್ನ ಅಣ್ಣ ಮಲಗುವ ಕೋಣೆಯ ಬಾಗಿಲ ಪಕ್ಕದಲ್ಲೇ. ರಾತ್ರಿಯೆಲ್ಲ ಬ್ರೆಡ್ ಕಾರ್ಖಾನೆಯ ಒಲೆಗಳ ಮುಂದೆ ನಿಂತು, ಹಿಟ್ಟಿನವರನ್ನೂ ಪ್ಯಾಕಿಂಗಿನವರನ್ನೂ ಸಂಭಾಳಿಸಿ, ಬೆಳಗಾದ ಮೇಲೆ ಬಂದು ಮಲಗಿದರೆ ಅವರು ಏಳುವುದು ಮಧ್ಯಾಹ್ನ ಕಳೆದ ಮೇಲೆ. ಅವರು ಏಳುವ ಹೊತ್ತಿಗೆ ನೀನು ಡ್ಯೂಟಿಯಲ್ಲಿ ಇರುತ್ತೀಯ. ಹಾಗಾಗಿ ನಮ್ಮಿಬ್ಬರಿಗೆ ಕಾಗದವೇ ಗತಿ.

ಇಲ್ಲಿ ಬೆಳಗ್ಗೆಯೆಲ್ಲ ಸದ್ದಾಗಬಾರದು. ಕುರ್ಚಿಯ ಕಾಲುಗಳಿಗೆಲ್ಲ ಬಟ್ಟೆ ಸುತ್ತಿದ್ದೇನೆ. ಹೊಲಿಗೆ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುತ್ತಿದ್ದ ಕೈ ಇದು, ಅಷ್ಟಕ್ಕಾದರೂ ಬಂತು. ಸ್ಟೀಲ್ ತಟ್ಟೆಗಳು ಅಟ್ಟ ಸೇರಿವೆ. ಗಿಣಿಗೆ ಈಗ ಐದು ತುಂಬಿತು. ನೀನೇ ಇಟ್ಟ ಹೆಸರು ಸಾರ್ಥಕವಾಗುವಂತೆ ಎಡೆಬಿಡದೆ ಮಾತಾಡುತ್ತಾಳೆ, ಆದರೆ ಪಿಸುದನಿಯಲ್ಲಿ. ಅವಳಿ ತಮ್ಮಂದಿರಿಗೆ ಮಾತ್ರ ಈ ಕಾನೂನು ಇನ್ನೂ ತಿಳಿದಿಲ್ಲ. ಗುಂಡನೂ ಕಡ್ಡಿಯೂ ಈಗಷ್ಟೇ ನಡೆಯಲು ಕಲಿತಿದ್ದಾರೆ, ಮೂರು ಹೆಜ್ಜೆಗೊಮ್ಮೆ ಧಡ್ ಎಂದು ಕೂರುತ್ತಾರೆ. ಅವರು ಕೂತರೆ ಸಾಕು, ಕೆಳಗಿನ ಮನೆಯಾಕೆ ಪೊರಕೆಯ ಹಿಡಿಯಿಂದ ತನ್ನ ಚಾವಣಿಯನ್ನು ಕುಟ್ಟುತ್ತಾಳೆ. ಅಂದರೆ ನಮ್ಮ ನೆಲವನ್ನು. ಒಳಗೆ ಮಲಗಿದವರು, ಕೆಳಗೆ ಕುಟ್ಟುವವರು, ನಡುವೆ ನಾನು.

ಮೊನ್ನೆ ಹಾಲಿನ ಅಂಗಡಿಯಲ್ಲೂ ಪಿಸುಗುಟ್ಟಿಯೇ ಹಾಲು ಕೇಳಿದೆನಂತೆ. ಅಂಗಡಿಯವನು "ಗಂಟಲು ಕೆಟ್ಟಿದೆಯೇನಮ್ಮಾ" ಅಂದ. ಬೀದಿಯಲ್ಲಿ ಜೋರಾಗಿ ಮಾತಾಡಬಹುದು ಅನ್ನುವುದೇ ಮರೆತುಹೋಗಿತ್ತು. ನೀನಾದರೋ ಇಡೀ ರೈಲು ನಿಲ್ದಾಣಕ್ಕೆ ಕೇಳುವಂತೆ ಮಾತಾಡಿ ಸಂಬಳ ತೆಗೆದುಕೊಳ್ಳುತ್ತೀಯ. ಹೊಟ್ಟೆಕಿಚ್ಚಾಗುತ್ತದೆ.

ನನಗೇನೂ ಆಗಿಲ್ಲ. ನಿದ್ದೆ ಸ್ವಲ್ಪ ಕಡಿಮೆ, ಅಷ್ಟೆ. ಕಡ್ಡಿ ಎದ್ದ.

ನಿನ್ನ ಅತ್ತಿಗೆ

&nbsp;

ಫೆಬ್ರವರಿ 13

ಅತ್ತಿಗೆ,

ನಿಮ್ಮ ಕಾಗದ ಓದಿ ಮೈಕಿನ ಕೋಣೆಯಲ್ಲಿ ಒಬ್ಬಳೇ ನಕ್ಕೆ. ಪುಣ್ಯಕ್ಕೆ ಮೈಕು ಆಫ್ ಆಗಿತ್ತು. ಈ ವಾರ ಒಂದು ರೈಲಾದರೂ ಸಮಯಕ್ಕೆ ಬಂದಿದ್ದರೆ ಕೇಳಿ. ದಿನವಿಡೀ "ಆಗುವ ತೊಂದರೆಗಾಗಿ ವಿಷಾದಿಸುತ್ತೇವೆ" ಎಂದು ಹೇಳಿ ಹೇಳಿ, ನಿನ್ನೆ ಬಸ್ಸಿನಲ್ಲಿ ಯಾರದೋ ಕಾಲು ತುಳಿದಾಗಲೂ ಅದೇ ದನಿಯಲ್ಲಿ ವಿಷಾದಿಸಿಬಿಟ್ಟೆ. ಆತ ಕಾಲಿನ ನೋವು ಮರೆತು ನನ್ನ ಮುಖ ನೋಡಿದ.

ನೀವು ಸುಸ್ತಾಗಿದ್ದೀರಿ ಅಂತ ತಿಳಿಯುತ್ತದೆ. ಆದರೆ ಅಣ್ಣನಂಥವನು ಸಿಗುವುದು ಅಪರೂಪ ಅತ್ತಿಗೆ. ಕುಡಿತವಿಲ್ಲ, ಇಸ್ಪೀಟಿಲ್ಲ, ದುಡಿದದ್ದನ್ನು ತಂದು ಮನೆಗೇ ಹಾಕುತ್ತಾನೆ. ನನ್ನ ಜೊತೆ ಕೆಲಸ ಮಾಡುವವರ ಗಂಡಂದಿರ ಕಥೆ ಕೇಳಿದರೆ ನೀವು ಅವನಿಗೆ ಇನ್ನೊಂದು ದಿಂಬು ಕೊಟ್ಟು ಮಲಗಿಸುತ್ತೀರಿ.

ಇಲ್ಲಿನ ಪತ್ರಿಕೆಯೊಂದರಲ್ಲಿ ನಿಮ್ಮಂಥವರಿಗೆಂದೇ ಬರೆದಿದ್ದರು. ಮಕ್ಕಳು ಮಲಗಿದಾಗ ತಾಯಿಯೂ ಮಲಗಬೇಕಂತೆ. ದಿನದಲ್ಲಿ ಸ್ವಲ್ಪ ಹೊತ್ತನ್ನು ತನಗೋಸ್ಕರ ಎತ್ತಿಟ್ಟುಕೊಳ್ಳಬೇಕಂತೆ. ಸಿಟ್ಟು ಬಂದರೆ ಮೂಗಿನಿಂದ ನಿಧಾನವಾಗಿ ಉಸಿರೆಳೆದು ಬಾಯಿಂದ ಬಿಡಬೇಕಂತೆ. ಆ ಪುಟ ಕತ್ತರಿಸಿ ಇದರ ಜೊತೆ ಇಟ್ಟಿದ್ದೇನೆ. ಮಾಡಿ ನೋಡಿ.

ಗಿಣಿಗೆ ಮುತ್ತು. ಗುಂಡನಿಗೂ ಕಡ್ಡಿಗೂ ಒಂದೊಂದು ಗುದ್ದು.

ನಿಮ್ಮ ನಾದಿನಿ

&nbsp;

ಮಾರ್ಚ್ 2

ನಾದಿನಿಗೆ,

ಕಾಗದ ತಲುಪಿತು, ಪತ್ರಿಕೆಯ ಪುಟವೂ ತಲುಪಿತು. ನಿನ್ನ ಕಾಳಜಿಗೆ ಸಂತೋಷ.

ಮಕ್ಕಳು ಮಲಗಿದಾಗ ಮಲಗಬೇಕು ಅಂದಿದ್ದಾರೆ. ಗುಂಡ ಮಲಗಿದಾಗ ಕಡ್ಡಿ ಎದ್ದಿರುತ್ತಾನೆ, ಕಡ್ಡಿ ಮಲಗಿದಾಗ ಗುಂಡ. ಅಪರೂಪಕ್ಕೆ ಇಬ್ಬರೂ ಮಲಗಿದರೆ ನಿನ್ನ ಅಣ್ಣ ಎದ್ದು ಊಟ ಕೇಳುವ ಹೊತ್ತಾಗಿರುತ್ತದೆ. ಇದನ್ನು ದೂರಾಗಿ ಹೇಳುತ್ತಿಲ್ಲ. ನೀನು ಹೇಳಿದ್ದು ನಿಜ, ಅವರು ಒಳ್ಳೆಯವರು.

ಮೊನ್ನೆ ಹಾಲಿನ ಬಾಟಲಿ ಹಿಡಿದು ನಿಂತಿದ್ದೆ. ಯಾರಿಗೆ ಕುಡಿಸಿ ಆಯಿತು, ಯಾರಿಗೆ ಕುಡಿಸಬೇಕು ಅನ್ನುವುದು ತಲೆಯಿಂದ ಹಾರಿಹೋಯಿತು. ಇಬ್ಬರ ಮುಖವನ್ನೂ ನೋಡಿದೆ. ಯಾರು ಯಾರೆಂದು ಕೂಡ ತೋಚಲಿಲ್ಲ. ಒಬ್ಬ ದಪ್ಪ, ಒಬ್ಬ ಸಣಕಲು, ಕುರುಡರಿಗೂ ತಿಳಿಯುತ್ತದೆ. ಗಿಣಿಯೇ ಕೈ ಹಿಡಿದು "ಅಮ್ಮಾ, ಕಡ್ಡಿದು ಬಾಕಿ" ಅಂದಳು.

ಇದನ್ನು ನಿನ್ನ ಅಣ್ಣನಿಗೆ ಬರೆಯಬೇಡ. ಸುಮ್ಮನೆ ಹೇಳಿದೆ.

ಅತ್ತಿಗೆ

&nbsp;

ಮಾರ್ಚ್ 19

ಕುಳ್ಳಿ,

ನಾನು ಕಾಗದ ಬರೆಯುವವನಲ್ಲ ಅಂತ ನಿನಗೆ ಗೊತ್ತು. ಬರೆಯುವಂಥ ಕಾಲ ಬಂದಿದೆ.

ಮೊನ್ನೆ ಬೆಳಗ್ಗೆ ಕಡ್ಡಿಯ ಕಾಲು ಸುಟ್ಟಿತು. ಕೂಗು ಕೇಳಿ ನಿದ್ದೆಗಣ್ಣಲ್ಲೇ ಓಡಿ ಬಂದರೆ, ಬಿಸಿನೀರಿನ ಪಾತ್ರೆ ಮಗುಚಿ ಬಿದ್ದಿದೆ, ಮಗು ಅದರ ಪಕ್ಕದಲ್ಲಿ ಬಿದ್ದು ಒದ್ದಾಡುತ್ತಿದೆ, ಗುಂಡ ಮೂಲೆಯಲ್ಲಿ ಅಳುತ್ತಿದ್ದಾನೆ. ಗಿಣಿ ಕಂಬದ ಹಾಗೆ ನಿಂತಿದ್ದಾಳೆ. ನಿನ್ನ ಅತ್ತಿಗೆ ಎಲ್ಲಿ ಅಂತೀಯ? ಬಾತ್‌ರೂಮಿನಲ್ಲಿ. ಒಳಗಿನಿಂದ ಚಿಲಕ ಹಾಕಿಕೊಂಡು ನಲ್ಲಿ ಪೂರ್ತಿ ತಿರುಗಿಸಿಟ್ಟು ಕೂತಿದ್ದಾಳೆ. ನಾನು ಬಾಗಿಲು ಬಡಿದ ಮೇಲೆ ಹೊರಗೆ ಬಂದಳು.

ಡಾಕ್ಟರು ಗಾಯ ಆಳವಾಗಿಲ್ಲ, ಮಾಯುತ್ತದೆ ಅಂದರು. ಆದರೆ ಅವರು ಹೇಗಾಯಿತು ಅಂತ ಕೇಳಿದಾಗ ನನಗೆ ತಲೆ ಎತ್ತಲಾಗಲಿಲ್ಲ. ಇವಳನ್ನು ಕೇಳಿದರೆ ಬಾಯಿ ಬಿಡುವುದಿಲ್ಲ. "ತಪ್ಪಾಯ್ತು" ಅನ್ನುತ್ತಾಳೆ, ಗೋಡೆ ನೋಡುತ್ತಾಳೆ. ಮನೆಯಲ್ಲೇ ಇರುತ್ತಾಳೆ, ಹೊರಗೆ ದುಡಿಯಲು ಹೋಗಬೇಕಿಲ್ಲ, ಮೂರು ಮಕ್ಕಳನ್ನು ನೋಡಿಕೊಳ್ಳುವುದಷ್ಟೇ ಕೆಲಸ. ಅದರಲ್ಲೂ ಇಷ್ಟು ಅಜಾಗ್ರತೆಯೇ?

ನಿನ್ನ ಮಾತು ಅವಳು ಕೇಳುತ್ತಾಳೆ. ಸ್ವಲ್ಪ ಬುದ್ಧಿ ಹೇಳು.

ಅಣ್ಣ

&nbsp;

ಮಾರ್ಚ್ 22

ಅತ್ತಿಗೆ,

ಅಣ್ಣ ಬರೆದಿದ್ದಾನೆ. ಅವನು ಕಂಡದ್ದನ್ನು ಬರೆದಿದ್ದಾನೆ. ಅದಕ್ಕೂ ಮುಂಚೆ ಏನಾಯಿತು ಅಂತ ನೀವೇ ಹೇಳಬೇಕು.

ನಿಮ್ಮ ಹೋದ ಕಾಗದವನ್ನು ಮತ್ತೆ ತೆಗೆದು ಓದಿದೆ. ಮೊದಲ ಸಲ ಓದಿದಾಗ ನನ್ನ ಮೇಲೆ ಮುನಿಸಿಕೊಂಡಿದ್ದೀರಿ ಅಂದುಕೊಂಡು ನಾನೂ ಬಿಗುಮಾನದಿಂದ ಸುಮ್ಮನಿದ್ದೆ. ಈಗ ಓದಿದರೆ ಬೇರೆಯೇ ಕಾಣುತ್ತದೆ. ಆ ಪತ್ರಿಕೆಯ ಪುಟವನ್ನು ದಯವಿಟ್ಟು ಒಲೆಗೆ ಹಾಕಿ.

ಏನೇ ಇದ್ದರೂ ಹೇಳಿ. ನಾನು ಅಣ್ಣನ ತಂಗಿಯಾಗಿ ಓದುವುದಿಲ್ಲ.

ನಿಮ್ಮ ನಾದಿನಿ

&nbsp;

ಮಾರ್ಚ್ 27

ನಾದಿನಿಗೆ,

ಎರಡು ಸಲ ಬರೆದು ಹರಿದೆ. ಇದನ್ನು ಹರಿಯುವ ಮೊದಲೇ ಅಂಚೆಗೆ ಹಾಕುತ್ತೇನೆ.

ಗುಂಡನಿಗೆ ದವಡೆಹಲ್ಲು ಬರುತ್ತಿದೆ. ಅಂದು ಎದ್ದಾಗಿನಿಂದ ಒಂದೇ ಸಮನೆ ಅಳು. ಎತ್ತಿಕೊಂಡೆ, ಇಳಿಸಿದೆ, ಮತ್ತೆ ಎತ್ತಿಕೊಂಡೆ. ಅವನನ್ನು ನೋಡಿ ಕಡ್ಡಿಯೂ ರಾಗ ತೆಗೆದ. ಇಬ್ಬರನ್ನೂ ಎರಡು ಕಂಕುಳಲ್ಲಿ ಇಟ್ಟುಕೊಂಡು ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿಂದ ಅಡುಗೆಮನೆಗೆ ನಡೆದೆ. ಕೆಳಗಿನಾಕೆ ಕುಟ್ಟಲು ಶುರು ಮಾಡಿದಳು. ಕೋಣೆಯೊಳಗೆ ಮಂಚ ಕಿರುಗುಟ್ಟಿತು. ಗಿಣಿ ತುಟಿಯ ಮೇಲೆ ಬೆರಳಿಟ್ಟುಕೊಂಡು ನನ್ನ ಹಿಂದೆ ಹಿಂದೆಯೇ ಬರುತ್ತಿದ್ದಳು. "ಅಮ್ಮಾ, ಅಪ್ಪ ಎದ್ಬಿಡ್ತಾರೆ. ಅಮ್ಮಾ, ಅಪ್ಪ ಎದ್ಬಿಡ್ತಾರೆ."

ಕಡ್ಡಿಯನ್ನು ನೆಲಕ್ಕಿಳಿಸಿ ನಾನು ಗುಂಡನ ಬಾಯಿ ಮುಚ್ಚಿದೆ. ಮೊದಲು ಬೆರಳುಗಳಿಂದ, ಆಮೇಲೆ ಇಡೀ ಅಂಗೈಯಿಂದ. ಸದ್ದು ನಿಂತಿತು. ಸದ್ದು ನಿಂತಾಗ ನನಗೆ ಎಂಥ ನೆಮ್ಮದಿಯಾಯಿತು ಗೊತ್ತೇ? ಈಗ ನನ್ನನ್ನು ಹೆದರಿಸುತ್ತಿರುವುದು ಆ ನೆಮ್ಮದಿ. ಹಾಗೇ ಎಷ್ಟು ಹೊತ್ತು ಹಿಡಿದಿದ್ದೆನೋ ತಿಳಿಯದು. ಗಿಣಿ ನನ್ನ ತೋಳು ಜಗ್ಗಿದಳು. ಪಿಸುದನಿಯಲ್ಲಲ್ಲ, ಗಟ್ಟಿಯಾಗಿಯೇ ಅಂದಳು, "ಅಮ್ಮಾ, ಅವನ ಕಣ್ಣು ನೋಡು."

ನೋಡಿದೆ. ಕೈ ತೆಗೆದೆ. ಅವನು ಅಳಲಿಲ್ಲ. ಉಸಿರನ್ನು ಗುಟುಕು ಗುಟುಕಾಗಿ ಎಳೆದುಕೊಂಡು ನನ್ನನ್ನೇ ನೋಡಿದ.

ಅವನನ್ನು ನೆಲದ ಮೇಲೆ ಕೂರಿಸಿ ಬಾತ್‌ರೂಮಿಗೆ ಓಡಿ ಚಿಲಕ ಹಾಕಿದೆ. ಮೊದಲೂ ಹಾಗೆ ಹೋಗಿದ್ದುಂಟು. ತೀರಾ ತಡೆಯಲಾಗದಾಗ ನಲ್ಲಿ ಬಿಟ್ಟು, ಮುಖ ತೊಳೆದುಕೊಂಡು, ಕೂಡಲೇ ಬಂದುಬಿಡುತ್ತಿದ್ದೆ. ಅಂದು ಬರಲಾಗಲಿಲ್ಲ. ನನ್ನ ಕೈಗೂ ಅವರಿಗೂ ನಡುವೆ ಒಂದು ಬಾಗಿಲು ಇರಬೇಕು ಅನ್ನುವುದೊಂದೇ ತಲೆಯಲ್ಲಿತ್ತು. ಬಾಟಲಿ ಮುಳುಗಿಸಿಟ್ಟ ಬಿಸಿನೀರಿನ ಪಾತ್ರೆ ಸ್ಟೂಲಿನ ಮೇಲಿದೆ ಅನ್ನುವುದು ತಲೆಯಲ್ಲಿರಲಿಲ್ಲ. ನಲ್ಲಿಯ ಸದ್ದಿನಲ್ಲಿ ಕಡ್ಡಿಯ ಕೂಗೂ ಕೇಳಲಿಲ್ಲ.

ಆವತ್ತಿನಿಂದ ಗಿಣಿ ಹೆಚ್ಚು ಮಾತಾಡುತ್ತಿಲ್ಲ. ನಾನು ಗುಂಡನನ್ನು ಎತ್ತಿಕೊಂಡರೆ ಬಂದು ಪಕ್ಕದಲ್ಲಿ ನಿಲ್ಲುತ್ತಾಳೆ. ಕಾವಲು ಕಾಯುತ್ತಾಳೆ, ಬೇರೇನಲ್ಲ.

ನಿನ್ನ ಅಣ್ಣನಿಗೆ ಇದು ತಿಳಿಯದು. ತಿಳಿದರೆ ಮಕ್ಕಳನ್ನು ನನ್ನ ಕೈಗೆ ಕೊಡುವುದಿಲ್ಲ. ಕೊಡದಿದ್ದರೇ ಒಳ್ಳೆಯದೇನೋ ಅನ್ನಿಸುತ್ತದೆ ಒಮ್ಮೊಮ್ಮೆ. ನನಗೆ ನನ್ನ ಕೈಯ ಮೇಲೇ ನಂಬಿಕೆ ಹೋಗಿದೆ.

ನಿನಗೆ ನನ್ನ ಮೇಲೆ ಅಸಹ್ಯವಾದರೆ ಉತ್ತರ ಬರೆಯಬೇಡ. ನಾನು ಅರ್ಥ ಮಾಡಿಕೊಳ್ಳುತ್ತೇನೆ.

ಅತ್ತಿಗೆ

&nbsp;

ಮಾರ್ಚ್ 30

ಅಣ್ಣ,

ಅತ್ತಿಗೆಗೆ ಬುದ್ಧಿ ಹೇಳು ಅಂದಿದ್ದೆ. ಹೇಳಬೇಕಾಗಿರುವುದು ಅವರಿಗಲ್ಲ.

ನಿನ್ನ ಹೆಂಡತಿಗೆ ಮೈ ಹುಷಾರಿಲ್ಲ. ಜ್ವರವಲ್ಲ, ನೆಗಡಿಯಲ್ಲ, ಮುಟ್ಟಿ ನೋಡಿದರೆ ಸಿಗುವಂಥದ್ದಲ್ಲ. ನಮ್ಮ ನಿಲ್ದಾಣದ ಎದುರಿಗಿರುವ ಡಾಕ್ಟರಮ್ಮನ ಹತ್ತಿರ ಯಾರ ಹೆಸರೂ ಹೇಳದೆ ಕೇಳಿದೆ. "ತಡ ಮಾಡಬೇಡಿ, ಕರ್ಕೊಂಡು ಬನ್ನಿ, ಒಬ್ಬರನ್ನೇ ಮಕ್ಕಳ ಜೊತೆ ಬಿಡಬೇಡಿ" ಅಂದರು. ಆದ್ದರಿಂದ ನಾನು ಶನಿವಾರ ಸಂಜೆ ಬರುತ್ತೇನೆ. ಭಾನುವಾರ ಮೊದಲ ರೈಲಿಗೆ ಅತ್ತಿಗೆ ನನ್ನ ಜೊತೆ ಹೊರಡುತ್ತಾರೆ. ನೀನು ರಜೆ ಹಾಕು. ನನಗೆ ರಜೆ ಸಿಗುವಂತಿದ್ದರೆ ನಾನೇ ಬಂದು ಮಕ್ಕಳನ್ನು ನೋಡಿಕೊಳ್ಳುತ್ತಿದ್ದೆ, ಸಿಗಲಿಲ್ಲ. ಅಲ್ಲಿಯವರೆಗೆ ಬೆಳಗಿನ ಹೊತ್ತು ನೀನು ಮಲಗಬೇಡ. ಕೂತಿರು. ಸುಮ್ಮನೆ ಅವರ ಜೊತೆ ಕೂತಿರು.

ನೀನು ಕೆಟ್ಟವನು ಅಂತ ನಾನು ಹೇಳುತ್ತಿಲ್ಲ. ನಿನಗೆ ನಿದ್ದೆ ಬೇಕು ಅಂತ ಒಂದು ಮನೆ ಪೂರ್ತಿ ಉಸಿರು ಬಿಗಿಹಿಡಿದು ಕೂತಿದೆ. ಅದು ನಿನಗೆ ಗೊತ್ತಿಲ್ಲ, ಯಾಕೆಂದರೆ ಆಗ ನೀನು ಮಲಗಿರುತ್ತೀಯ. ಅತ್ತಿಗೆ ಕೂತು ಊಟ ಮಾಡಿದ್ದನ್ನು ನೀನು ಕೊನೆಯ ಸಲ ನೋಡಿದ್ದು ಯಾವಾಗ? ನೆನಪು ಮಾಡಿಕೋ.

ಕುಳ್ಳಿ

&nbsp;

ಏಪ್ರಿಲ್ 3

ಕುಳ್ಳಿ,

ಬರುವುದಾದರೆ ತಂಗಿಯಾಗಿ ಬಾ, ಪಂಚಾಯಿತಿ ಮಾಡಲು ಬರಬೇಡ.

ನಾನೇನು ಮೋಜಿಗೆ ಮಲಗುತ್ತೇನೆಯೇ? ಒಲೆಯ ಬಾಯಿಯ ಮುಂದೆ ರಾತ್ರಿಯೆಲ್ಲ ನಿಂತು ನೋಡು, ಆಮೇಲೆ ಮಾತಾಡು. ಮೇಲ್ವಿಚಾರಕ ತೂಕಡಿಸಿದರೆ ಕೆಳಗಿನವನ ಕೈ ಯಂತ್ರಕ್ಕೆ ಸಿಗುತ್ತದೆ. ಕೂತಿರು ಅಂತೀಯ. ನಿನ್ನ ಮಾತು ಕೇಳಿ ನಿನ್ನೆ ಕೂತಿದ್ದೆ. ಅವಳು ನನ್ನನ್ನು ನೋಡಿ ಇನ್ನಷ್ಟು ಗಾಬರಿಯಾದಳು. "ನೀವ್ಯಾಕೆ ಎದ್ದಿದ್ದೀರಿ, ಸದ್ದಾಯ್ತಾ" ಅಂತ ಮೂರು ಸಲ ಕೇಳಿದಳು.

ಹೆತ್ತ ತಾಯಿ ಮಕ್ಕಳನ್ನು ಬಿಟ್ಟು ರೈಲು ಹತ್ತುತ್ತಾಳೆ ಅಂದರೆ ನೋಡಿದವರು ಏನನ್ನುತ್ತಾರೆ? ಅವಳು ಬರುವುದಿಲ್ಲ. ನಾನು ಕಳಿಸುವುದೂ ಇಲ್ಲ.

ಅಣ್ಣ

&nbsp;

ಏಪ್ರಿಲ್ 10

ನಿನಗೆ,

ಕುಳ್ಳಿಯ ವಿಳಾಸಕ್ಕೆ ಬರೆಯುತ್ತಿದ್ದೇನೆ. ನನ್ನ ಹೆಂಡತಿಗೆ ಇನ್ನೊಂದು ಊರಿನ ವಿಳಾಸಕ್ಕೆ ಕಾಗದ ಬರೆಯುವ ದಿನ ಬರುತ್ತದೆ ಅಂದುಕೊಂಡಿರಲಿಲ್ಲ.

ಕುಳ್ಳಿ ನನ್ನ ಜೊತೆ ಎಷ್ಟು ಜಗಳವಾಡಿದರೂ ನೀನು "ಬರೋಲ್ಲ" ಅನ್ನುತ್ತೀಯ ಅಂತ ಕಾದೆ. ನೀನು ಚೀಲ ತೆಗೆದುಕೊಂಡೆ. ಹೋಗುವುದಾದರೆ ಮಕ್ಕಳಿಗೆ ಹೇಳಿಯಾದರೂ ಹೋಗಬಹುದಿತ್ತು. ಅವರು ಮಲಗಿದ್ದಾಗ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲು ಇಳಿದೆ. ಗಿಣಿ ಎದ್ದು ಅಡುಗೆಮನೆ ನೋಡಿದಳು, ಬಾತ್‌ರೂಮ್ ನೋಡಿದಳು, ಮಂಚದ ಕೆಳಗೂ ನೋಡಿದಳು. ಬಾಗಿಲ ಹತ್ತಿರ ಹೋಗಿ ಕೂತಳು.

ಕಡ್ಡಿಯ ಕಾಲಿಗೆ ಹಚ್ಚುವ ಮುಲಾಮು ಯಾವುದು? ಎರಡು ಟ್ಯೂಬ್ ಇವೆ. ಗುಂಡ ಹಾಲು ಮುಟ್ಟುತ್ತಿಲ್ಲ. ಇಷ್ಟು ದಿನ ಹೋಗಿದ್ದು ಸಾಕು. ಈ ಕಾಗದ ಸಿಕ್ಕ ದಿನವೇ ಹೊರಡು.

ಇಂತಿ

&nbsp;

ಏಪ್ರಿಲ್ 13

ಇವರಿಗೆ,

ಹಳದಿ ಮುಚ್ಚಳದ ಟ್ಯೂಬು ಕಾಲಿಗೆ. ಇನ್ನೊಂದು ಒಸಡಿಗೆ ಹಚ್ಚುವಂಥದ್ದು, ಗುಂಡನಿಗೆ. ಅವನಿಗೆ ಹಾಲು ಬಿಸಿಯಿದ್ದರೆ ಒಸಡು ಉರಿಯುತ್ತದೆ. ಪೂರ್ತಿ ಆರಿಸಿ, ಬಾಟಲಿಯಲ್ಲಿ ಅಲ್ಲ, ಚಮಚದಲ್ಲಿ ಕೊಡಿ.

ನಾನು ಇಲ್ಲಿ ಮಲಗುತ್ತಿದ್ದೇನೆ. ಬೇರೆ ಏನೂ ಮಾಡಿಲ್ಲ. ನಾದಿನಿಯ ಕೋಣೆ ಸೈಕಲ್ ರಿಪೇರಿ ಅಂಗಡಿಯ ಮೇಲಿದೆ. ಕೆಳಗೆ ದಿನವಿಡೀ ಸುತ್ತಿಗೆ ಏಟು, ಕಬ್ಬಿಣದ ಸದ್ದು. ಆ ಸದ್ದಿನ ನಡುವೆ ಮಲಗಿದೆ, ಎದ್ದೆ, ನಾದಿನಿ ತಟ್ಟೆ ಮುಂದಿಟ್ಟಳು, ತಿಂದೆ, ಮತ್ತೆ ಮಲಗಿದೆ. ಡಾಕ್ಟರಮ್ಮನ ಹತ್ತಿರ ಎರಡು ಸಲ ಹೋದೆ. ಅವರು ಕೇಳಿದ್ದಕ್ಕೆಲ್ಲ ಉತ್ತರ ಹೇಳಿದೆ. ಇದು ಕಾಯಿಲೆಯೇ, ನಿಮ್ಮ ಗುಣ ಅಲ್ಲ ಅಂದರು. ಮಾತ್ರೆ ಕೊಟ್ಟಿದ್ದಾರೆ.

ಮಕ್ಕಳಿಗೆ ಹೇಳಿ ಹೊರಡಲು ನಿಂತಿದ್ದರೆ ಹೊರಡಲು ಆಗುತ್ತಿರಲಿಲ್ಲ. ತಪ್ಪೋ ಸರಿಯೋ ಗೊತ್ತಿಲ್ಲ.

ನಾನು ಈಗಲೇ ಬರುವುದಿಲ್ಲ. ಸಿಟ್ಟಿನಿಂದ ಹೇಳುತ್ತಿಲ್ಲ. ಈಗ ಬಂದರೆ ಮೊದಲಿನ ಹಾಗೇ ಆಗುತ್ತದೆ.

ಇಂತಿ ನಿಮ್ಮವಳು

&nbsp;

ಏಪ್ರಿಲ್ 18

ನಿನಗೆ,

ಚಮಚದಲ್ಲಿ ಕೊಟ್ಟರೆ ಗುಂಡ ಕುಡಿಯುತ್ತಾನೆ. ಕಡ್ಡಿಯ ಕಾಲಿನ ಗುಳ್ಳೆ ಒಣಗಿ ಸಿಪ್ಪೆ ಏಳುತ್ತಿದೆ.

ಒಂದು ವಿಷಯ ಹೇಳಬೇಕು. ಎದುರಿಗಿದ್ದರೆ ಹೇಳುತ್ತಿರಲಿಲ್ಲವೇನೋ.

ನಿನ್ನೆ ಬೆಳಗ್ಗೆ ಒಲೆಯ ಮೇಲೆ ಹಾಲಿಟ್ಟಿದ್ದೆ. ಗುಂಡ ಬಟ್ಟೆ ಒದ್ದೆ ಮಾಡಿಕೊಂಡ. ಅದನ್ನು ಬದಲಿಸುವಷ್ಟರಲ್ಲಿ ಕಡ್ಡಿ ನನ್ನ ಚಪ್ಪಲಿ ಬಾಯಿಗೆ ಹಾಕಿದ್ದ. ಕಿತ್ತುಕೊಂಡರೆ ಅಳು. ಅವನ ಅಳುವಿಗೆ ಇವನ ಅಳು. ಹಾಲು ಉಕ್ಕಿ ಒಲೆ ಆರಿತು. ಕೆಳಗಿನ ಮನೆಯಾಕೆ ಕುಟ್ಟಲು ಶುರು ಮಾಡಿದಳು. ಅವಳು ಕುಟ್ಟುತ್ತಾಳೆ ಅಂತ ನೀನು ಹೇಳಿದ್ದೆ, ನಾನು ನಕ್ಕು ಸುಮ್ಮನಾಗಿದ್ದೆ. ಅದು ಕಿವಿಗಲ್ಲ, ನೇರ ನೆತ್ತಿಗೆ ಬಡಿಯುತ್ತದೆ. ನಾನು ಕಾರ್ಖಾನೆಯಲ್ಲಿ ಮೂವತ್ತು ಜನರನ್ನು ನೋಡಿಕೊಳ್ಳುತ್ತೇನೆ. ಅವರಿಗೆ ನಿಲ್ಲಿ ಅಂದರೆ ನಿಲ್ಲುತ್ತಾರೆ.

ಗಿಣಿ ಹಾಲು ಒರೆಸಲು ಬಟ್ಟೆ ತಂದಳು. ಒರೆಸಲು ಹೋಗಿ ಪಕ್ಕದಲ್ಲಿದ್ದ ಲೋಟವನ್ನೂ ಬೀಳಿಸಿದಳು. ನಾನು ಕೈ ಎತ್ತಿದೆ. ಹೊಡೆಯಲಿಲ್ಲ. ಹೊಡೆಯಲಿಲ್ಲ ಅಂತ ಹೇಳಿಕೊಳ್ಳುವುದರಲ್ಲಿ ದೊಡ್ಡಸ್ತಿಕೆ ಏನಿಲ್ಲ, ಹೊಡೆಯಲೆಂದೇ ಎತ್ತಿದ್ದು. ಅವಳು ಓಡಲಿಲ್ಲ. ಕಣ್ಣು ಮುಚ್ಚಿ, ತೆರೆದು, ನಿಧಾನವಾಗಿ ಹೇಳಿದಳು:

"ಅಪ್ಪಾ, ನೀನು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಕೋ. ಅಮ್ಮ ಹಂಗೇ ಮಾಡ್ತಾಳೆ. ಇವರನ್ನ ನಾನು ನೋಡ್ಕೋತೀನಿ. ಬಿಸಿನೀರು ಮೇಲಿಟ್ಟಿದ್ದೀನಿ."

ನಾನು ನೆಲದ ಮೇಲೆ ಕೂತುಬಿಟ್ಟೆ. ಸ್ಟೂಲಿನ ಮೇಲೆ ಸ್ಟೂಲು ಇಟ್ಟು, ಅದರ ಮೇಲೆ ಆ ಪಾತ್ರೆ ಇಟ್ಟಿದ್ದಳು. ಅದರಲ್ಲಿ ನೀರೂ ಇರಲಿಲ್ಲ.

ನೀನು ಯಾಕೆ ಒಳಗೆ ಹೋಗಿ ಚಿಲಕ ಹಾಕಿಕೊಂಡೆ ಅಂತ ನಾನು ನಿನ್ನನ್ನು ಒಂದು ಸಲವೂ ಸರಿಯಾಗಿ ಕೇಳಲಿಲ್ಲ. ಬೈಯುವುದಕ್ಕೆ ಕೇಳಿದೆ. ಈಗ ನಿಜವಾಗಿ ಕೇಳುತ್ತೇನೆ. ಬರೆಯಬೇಕಾಗಿಲ್ಲ. ಬಂದ ಮೇಲೆ ಹೇಳು, ಬರಬೇಕು ಅನ್ನಿಸಿದಾಗ ಬಾ. ನಾನು ರಜೆ ಮುಂದುವರಿಸಿದ್ದೇನೆ. ಮಾಲೀಕರು ಮುಖ ಗಂಟು ಹಾಕಿದರು, ಹಾಕಿಕೊಳ್ಳಲಿ.

ಮಕ್ಕಳು ಮಲಗಿದ್ದಾರೆ. ನನಗೂ ನಿದ್ದೆ ಬರುತ್ತಿದೆ, ಆದರೆ ಮಲಗಲು ಭಯ.

ಇಂತಿ ನಿನ್ನವನು

&nbsp;

ಮೇ 24

ಪ್ರೀತಿಯ ನಾದಿನಿಗೆ,

ನೀನು ಕೇಳಿದ್ದಕ್ಕೆಲ್ಲ ಉತ್ತರ ಹೇಳುತ್ತೇನೆ, ಕೂತು ಬರೆಯುತ್ತಿದ್ದೇನೆ.

ಮಾತ್ರೆ ತಪ್ಪಿಸಿಲ್ಲ. ಮನೆಗೆ ವಾಪಸ್ ಬಂದ ಮೇಲೆ ಇಲ್ಲಿಯೂ ಒಬ್ಬ ಡಾಕ್ಟರನ್ನು ನೋಡಿದೆ. ದಿನಗಳೆಲ್ಲ ಒಂದೇ ಥರ ಇರುವುದಿಲ್ಲ. ಮೊನ್ನೆ ಸೋಮವಾರ ಎದ್ದಾಗಲೇ ಎದೆಯ ಮೇಲೆ ಕಲ್ಲು ಇಟ್ಟ ಹಾಗಿತ್ತು, ಸಂಜೆಯವರೆಗೂ ಇಳಿಯಲಿಲ್ಲ. ನಿನ್ನೆ ಪರವಾಗಿಲ್ಲ.

ಬಂದ ದಿನವೇ ನಿನ್ನ ಅಣ್ಣನಿಗೆ ಗುಂಡನ ವಿಷಯ ಹೇಳಿದೆ. ಹೇಳಲೇಬೇಕೆಂದೇನೂ ಇಲ್ಲ ಅಂತ ನೀನು ಅಂದಿದ್ದೆ, ಆದರೆ ಹೇಳದೆ ಆ ಮನೆಯಲ್ಲಿ ಇರಲು ನನಗೆ ಆಗುತ್ತಿರಲಿಲ್ಲ. ಅವರು ಎದ್ದು ಹೋಗಿ, ಮಲಗಿದ್ದ ಗುಂಡನ ಮುಖ ನೋಡಿ ಬಂದರು.

"ನನ್ನನ್ನ ಎಬ್ಬಿಸ್ಬೇಕಿತ್ತು" ಅಂದರು.

"ಎಬ್ಬಿಸಬಾರದು ಅಂತಲೇ ಅಲ್ವಾ ಬಾಯಿ ಮುಚ್ಚಿದ್ದು" ಅಂದೆ.

ಅವರ ಮುಖ ಹೇಗಾಯಿತು ಅಂತ ಬರೆಯುವುದಿಲ್ಲ. ಮರುದಿನವೇ ಕಾರ್ಖಾನೆಗೆ ಹೋಗಿ ಹಗಲಿನ ಕೆಲಸ ಕೇಳಿದರಂತೆ. ಹಗಲಿಗೆ ಮೇಲ್ವಿಚಾರಕರು ಬೇಕಿಲ್ಲ, ಪ್ಯಾಕಿಂಗಿನಲ್ಲಿ ಜಾಗವಿದೆ ಅಂದರಂತೆ. ನಿನ್ನೆ ಮೊನ್ನೆಯವರೆಗೆ ತಾವು ಗದರುತ್ತಿದ್ದವರ ಪಕ್ಕದಲ್ಲೇ ನಿಂತು ಈಗ ಬ್ರೆಡ್ಡಿಗೆ ಕಾಗದ ಸುತ್ತುತ್ತಾರೆ. ನನಗಾಗಿ ಮಾಡಿದೆ ಅಂತ ಒಮ್ಮೆಯೂ ಅನ್ನಲಿಲ್ಲ. ಕೆಲವು ಸಂಜೆ ಬಂದವರು ಚಪ್ಪಲಿಯನ್ನು ಒಂದು ಮೂಲೆಗೆ ಎಸೆಯುತ್ತಾರೆ. ಆಗ ಯಾರೂ ಮಾತಾಡಿಸುವುದಿಲ್ಲ. ಅವರಿಗೂ ಸಿಟ್ಟು ಇಳಿಯಲು ಹೊತ್ತು ಬೇಕು.

ಈಗ ಗಿಣಿಯ ವಿಷಯ. ನಾನು ರೈಲಿಳಿದು ಮನೆಗೆ ಬಂದಾಗ ಅವಳಿ ಪುಂಡರು ಬಂದು ಕಾಲಿಗೆ ಜೋತುಬಿದ್ದರು. ಗಿಣಿ ಅಪ್ಪನ ಹಿಂದೆ ನಿಂತಿದ್ದಳು. ಕರೆದೆ, ಬರಲಿಲ್ಲ. ನನ್ನ ಚೀಲವನ್ನು ನೋಡಿದಳು.

"ಎಷ್ಟು ದಿನ ಇರ್ತೀಯಾ?" ಅಂದಳು.

ನೆಂಟರನ್ನು ಕೇಳುವ ಹಾಗೆ. ಇನ್ನು ಎಲ್ಲಿಗೂ ಹೋಗೋದಿಲ್ಲ ಅನ್ನಲು ಬಾಯಿ ತೆರೆದೆ. ಡಾಕ್ಟರಮ್ಮ ಹೇಳಿದ್ದು ನೆನಪಾಯಿತು, ವಾರಕ್ಕೊಮ್ಮೆಯಾದರೂ ಮನೆಯಿಂದ ಹೊರಗೆ ಹೋಗಬೇಕು, ಮಕ್ಕಳಿಲ್ಲದೆ. ಸುಳ್ಳು ಹೇಳಿ ಏನು ಮಾಡಲಿ? "ಇರ್ತೀನಿ. ಹೋದರೆ ನಿನಗೆ ಹೇಳೇ ಹೋಗ್ತೀನಿ" ಅಂದೆ. ಅವಳು ನಂಬಲಿಲ್ಲ. ನಂಬಬೇಕಾದ್ದೂ ಇಲ್ಲ.

ಅಂದಿನಿಂದ ರಾತ್ರಿ ನನ್ನ ಬಟ್ಟೆಯ ತುದಿಯನ್ನು ಬೆರಳಿಗೆ ಸುತ್ತಿಕೊಂಡೇ ಮಲಗುತ್ತಾಳೆ. ನಾನು ಹೊರಳಿದರೆ ಎದ್ದು ಕೂರುತ್ತಾಳೆ. ಇದು ನಾನು ಮಾಡಿದ್ದು ನಾದಿನಿ. ಅಂದು ನಿನ್ನ ಜೊತೆ ಬರದಿದ್ದರೆ ಇನ್ನೇನಾಗುತ್ತಿತ್ತೋ ನನಗೆ ಗೊತ್ತು, ಬಂದದ್ದು ತಪ್ಪಲ್ಲ. ಆದರೂ ಇದು ನಾನು ಮಾಡಿದ್ದೇ.

ಬುಧವಾರ ನಿನ್ನ ಅಣ್ಣನಿಗೆ ವಾರದ ರಜೆ. ನಿನ್ನೆ ಬುಧವಾರ ಮೊದಲ ಸಲ ಹೊರಗೆ ಹೊರಟೆ. "ಏನು ಕೆಲಸ?" ಅಂದರು. "ಏನೂ ಇಲ್ಲ" ಅಂದೆ. ಇನ್ನೊಂದು ಪ್ರಶ್ನೆ ನಾಲಿಗೆಯ ತುದಿಗೆ ಬಂದದ್ದು ಕಾಣಿಸಿತು, ನುಂಗಿಕೊಂಡರು.

ಮಕ್ಕಳು ಮಲಗಿದ ಮೇಲೆ ಹೋಗು, ಇಲ್ಲದಿದ್ದರೆ ರಂಪ ಮಾಡುತ್ತಾರೆ ಅಂದರು. ನಾನು ಒಪ್ಪಲಿಲ್ಲ. ಮೂವರನ್ನೂ ಮುಂದೆ ಕೂರಿಸಿಕೊಂಡು, ಗಿಣಿಯ ಕಣ್ಣು ನೋಡಿ, "ನಾನು ಹೋಗಿ ಬರ್ತೀನಿ" ಅಂದೆ. ಅವಳ ಮುಖ ಮೊದಲು ಬಿಗಿಯಾಯಿತು. ಆಮೇಲೆ ಒಡೆಯಿತು. ಇಷ್ಟು ದಿನ ತಡೆದಿಟ್ಟದ್ದೆಲ್ಲ ಒಟ್ಟಿಗೆ ಬಂದ ಹಾಗೆ ಕಿರುಚಿ ಅತ್ತಳು. ಪಿಸುದನಿಯ ಹುಡುಗಿ, ಇಡೀ ಕಟ್ಟಡಕ್ಕೆ ಕೇಳುವ ಹಾಗೆ ಅತ್ತಳು. ಅವಳನ್ನು ನೋಡಿ ಗುಂಡ, ಗುಂಡನನ್ನು ನೋಡಿ ಕಡ್ಡಿ. ಕೆಳಗಿನಾಕೆ ಪೊರಕೆ ಹಿಡಿದಳು. ನಿನ್ನ ಅಣ್ಣ ಮೂವರನ್ನೂ ಹೇಗೋ ತಬ್ಬಿ ಹಿಡಿದು ನನ್ನ ಮುಖ ನೋಡಿದರು.

ನಾನು ಬಾಗಿಲು ಎಳೆದುಕೊಂಡು ಮೆಟ್ಟಿಲು ಇಳಿದೆ. ಪ್ರತಿ ಮೆಟ್ಟಿಲಿಗೂ ಕಾಲು ಹಿಂದಕ್ಕೇ ಹೊರಳುತ್ತಿತ್ತು. ಬೀದಿಗೆ ಬಂದು ನಮ್ಮ ಕಿಟಕಿಯ ಕೆಳಗೆ ಗೋಡೆಗೆ ಆತು ನಿಂತೆ. ಅಲ್ಲಿಗೂ ಕೇಳಿಸುತ್ತಿತ್ತು. ಕಡ್ಡಿ ಮೊದಲು ಸುಮ್ಮನಾದ. ಆಮೇಲೆ ಗುಂಡ. ಗಿಣಿಯದು ಬಿಕ್ಕಳಿಕೆಯಾಗಿ ಉಳಿಯಿತು. ನಡುವೆ ನಿನ್ನ ಅಣ್ಣನ ದನಿ. ಏನು ಹೇಳುತ್ತಿದ್ದರೋ ತಿಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಗಿಣಿಯ ದನಿ ಕೇಳಿಸಿತು. ಅಳುವಲ್ಲ, ಮಾತು. ಅಪ್ಪನಿಗೆ ಏನನ್ನೋ ತಿದ್ದುತ್ತಿದ್ದಳು, "ಹಂಗಲ್ಲ ಅಪ್ಪಾ, ಹಿಂಗೆ" ಅಂತ, ಗಟ್ಟಿಯಾಗಿ.

ನಾನು ಇನ್ನೂ ಸ್ವಲ್ಪ ಹೊತ್ತು ನಿಂತೆ. ಅಮ್ಮಾ ಅಂತ ಯಾರಾದರೂ ಕರೆಯಬಹುದು ಅಂತ. ಯಾರೂ ಕರೆಯಲಿಲ್ಲ. ಅದು ನೋಯಿಸಿತು ಅಂದರೆ ನೀನು ನಗುತ್ತೀಯ. ನೋಯಿಸಿತು.

ಆಮೇಲೆ ಗೋಡೆ ಬಿಟ್ಟು ನಡೆದೆ. ಎಲ್ಲಿಗೆ ಅಂತ ಗೊತ್ತಿರಲಿಲ್ಲ.

ನಿನ್ನ ಅತ್ತಿಗೆ